ಅಕ್ಕಿ ಆರಿಸುವವಳು ಕೇಳಿದ ಪ್ರಶ್ನೆ

ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಬೆರೆಸಿದ್ದಾರೆ ಎಂಬ ಸುದ್ದಿ ಹಳ್ಳಿಗಳಲ್ಲಿ ಹಬ್ಬಿದಾಗಲೆಲ್ಲ ಓದಿದವರ ಪ್ರತಿಕ್ರಿಯೆ ಒಂದೇ ಬಗೆಯದು. ಮೊದಲು ನಗು, ಆಮೇಲೆ ಮರುಕ, ಕೊನೆಗೆ ‘ಜನರಲ್ಲಿ ಅರಿವು ಮೂಡಿಸಬೇಕು’ ಎಂಬ ತೀರ್ಪು. ವಿಜ್ಞಾನಿಗಳು ಹೇಳಿದ್ದಾರೆ, ಸರ್ಕಾರ ಮಾಡಿದೆ, ಹಳ್ಳಿಯವರಿಗೆ ತಿಳಿದಿಲ್ಲ: ಸಾರ್ವಜನಿಕ ಆರೋಗ್ಯದ ಬಗ್ಗೆ ನಮ್ಮಲ್ಲಿ ನಡೆಯುವ ಬಹುಪಾಲು ಚರ್ಚೆ ಈ ಮೂರು ಮಾತಿನಲ್ಲೇ ಮುಗಿದುಹೋಗುತ್ತದೆ. ಈ ಸುದ್ದಿಯ ಹಿಂದಿರುವ, ಪೋಷಕಾಂಶ ಬೆರೆಸಿದ ‘ಸಾರವರ್ಧಿತ’ ಅಕ್ಕಿಯ ಮಟ್ಟಿಗೆ ಇವುಗಳಲ್ಲಿ ಮೊದಲನೆಯದು ಅರೆಸತ್ಯ, ಎರಡನೆಯದು ಅವಸರ, ಮೂರನೆಯದು ಅನ್ಯಾಯ.

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರನ್ನೇ ತೆಗೆದುಕೊಳ್ಳಿ. ಧಾರವಾಡ ಜಿಲ್ಲೆಯ ಹಳ್ಳಿ ಎಂದರೆ ನವಲಗುಂದ, ಅಣ್ಣಿಗೇರಿಯ ಎರೆಭೂಮಿ, ಅಲ್ಲಿನ ಜೋಳ, ಕಡಲೆ, ಮೆಣಸಿನಕಾಯಿ ಹೊರಗಿನವರ ಕಣ್ಣಿಗೆ ಬರುತ್ತವೆ. ಕಲಘಟಗಿಯ ನೆಲವೇ ಬೇರೆ. ಇದು ಮಲೆನಾಡಿನ ಸೆರಗು, ಭತ್ತದ ಸೀಮೆ. ಇಲ್ಲಿನ ಹೆಣ್ಣುಮಕ್ಕಳು ಅಕ್ಕಿಯನ್ನು ಅಂಗಡಿಯಲ್ಲಿ ಮಾತ್ರ ಕಂಡವರಲ್ಲ. ಬಿತ್ತಿ, ಕಳೆ ಕಿತ್ತು, ಕೊಯ್ದು, ತೂರಿ ಕಂಡವರು. ಹೊಸ ಅಕ್ಕಿ ಯಾವುದು, ಹಳೆಯದು ಯಾವುದು, ಮಿಲ್ಲಿನವನು ಎಷ್ಟು ನುಚ್ಚು ಸೇರಿಸಿದ ಎಂಬುದನ್ನು ಅಂಗೈಯಲ್ಲಿ ಒಂದು ಹಿಡಿ ಹಿಡಿದರೆ ಹೇಳಬಲ್ಲವರು.

ಇಂಥವಳು ಪಡಸಾಲೆಯಲ್ಲಿ ಕೂತು ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನು ಮೊರಕ್ಕೆ ಸುರಿದು ಆರಿಸುವಾಗ ನೂರಕ್ಕೊಂದರಂತೆ ಬೇರೆಯದೇ ಕಾಳು ಸಿಗುತ್ತದೆ. ಬಣ್ಣ ತುಸು ಮಂಕು. ಭತ್ತದ ಮೊಳಕೆ ಕೂತಿದ್ದ ಜಾಗದಲ್ಲಿ ಪ್ರತಿ ಅಕ್ಕಿಕಾಳಿಗೂ ಇರುವ ಸಣ್ಣ ಕಚ್ಚು ಇದಕ್ಕಿಲ್ಲ. ಒಂದು ಕಾಳಿನಂತೆ ಇನ್ನೊಂದು, ಅಚ್ಚಿನಲ್ಲಿ ಹೊಯ್ದ ಹಾಗೆ. ತೊಳೆಯಲು ನೀರು ಹಾಕಿದರೆ ಕೆಲವು ಮೇಲೆ ತೇಲುತ್ತವೆ, ನೆನೆದರೆ ಬೆರಳಿಗೆ ಮೆತ್ತಗಾಗುತ್ತವೆ. ‘ಇದು ಅಕ್ಕಿ ಅಲ್ಲ ಬಿಡ್ರಿ’ ಎಂದು ಆಕೆ ತೆಗೆದು ಬಿಸಾಕುತ್ತಾಳೆ.

ಆಕೆಯ ತೀರ್ಮಾನದಲ್ಲಿ ತಪ್ಪಿದೆ, ಅದನ್ನು ಮೊದಲೇ ಹೇಳಿಬಿಡಬೇಕು. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವ ಬೆರೆಸಿ, ಯಂತ್ರದ ಕಿಂಡಿಯಿಂದ ಒತ್ತಿ, ಅಕ್ಕಿಯ ಆಕಾರಕ್ಕೆ ಕತ್ತರಿಸಿ ಒಣಗಿಸಿದ ಕಾಳು. ನೂರು ಕಾಳು ಸಾದಾ ಅಕ್ಕಿಗೆ ಇದು ಒಂದು ಎಂಬ ಲೆಕ್ಕದಲ್ಲಿ ಬೆರೆಸುತ್ತಾರೆ. ಬೆಂಕಿಗೆ ಹಿಡಿದು ‘ಕರಗಿತು ನೋಡಿ’ ಎಂದು ತೋರಿಸುವ ಮೊಬೈಲ್ ವಿಡಿಯೊಗಳಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ಆಕೆಯ ನೋಟದಲ್ಲಿ ತಪ್ಪಿಲ್ಲ. ಗದ್ದೆಯಲ್ಲಿ ಬೆಳೆಯದ, ಕಾರ್ಖಾನೆಯಲ್ಲಿ ತಯಾರಾದ ವಸ್ತುವೊಂದು ಅಕ್ಕಿಯ ವೇಷದಲ್ಲಿ ತನ್ನ ಮೊರಕ್ಕೆ ಬಂದಿದೆ ಎಂಬುದನ್ನು ಆಕೆ ಕಂಡುಹಿಡಿದಳು. ಅದು ಅಕ್ಷರಶಃ ನಿಜ. ನೋಡಿದಳು, ಬೇರೆ ಮಾಡಿದಳು, ನೀರಿನಲ್ಲಿ ಹಾಕಿ ಪರೀಕ್ಷಿಸಿದಳು, ಒಂದು ಊಹೆಗೆ ಬಂದಳು. ಊಹೆ ತಪ್ಪಾಯಿತು. ವಿಜ್ಞಾನದಲ್ಲಿ ದಿನವೂ ಆಗುವ ಸಂಗತಿ ಇದು. ಸರಿಯಾದ ಮಾಹಿತಿ ಕೈಗೆ ಸಿಕ್ಕಿದ್ದರೆ ಊಹೆ ತಿದ್ದಿಕೊಳ್ಳುತ್ತಿತ್ತು. ಮಾಹಿತಿ ಬಂದದ್ದು ಅಕ್ಕಿ ಬಂದ ಮೇಲೆ, ಅದೂ ‘ವದಂತಿಗೆ ಕಿವಿಗೊಡಬೇಡಿ’ ಎಂಬ ಪ್ರಕಟಣೆಯ ರೂಪದಲ್ಲಿ.

ಇನ್ನು ಸರ್ಕಾರದ ಕಡೆಗೆ ತಿರುಗೋಣ. ನೋಡುವುದು, ಹೋಲಿಸುವುದು, ತಿದ್ದಿಕೊಳ್ಳುವುದು, ಈ ಮೂರರಲ್ಲಿ ಸರ್ಕಾರ ಎಷ್ಟು ಮಾಡಿತು?

ಅಕ್ಕಿಗೆ ಕಬ್ಬಿಣ ಬೆರೆಸಿದರೆ ರಕ್ತಹೀನತೆ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ನಮ್ಮ ಬೆಂಗಳೂರಿನ ಶಾಲೆಗಳಲ್ಲೇ ಪ್ರಯೋಗಗಳು ನಡೆದಿವೆ. 2006ರಲ್ಲಿ ಪ್ರಕಟವಾದ ಒಂದರಲ್ಲಿ, ಕಬ್ಬಿಣ ಸೇರಿಸಿದ ಅಕ್ಕಿಯ ಊಟ ಮಾಡಿದ ಮಕ್ಕಳಲ್ಲಿ ಕಬ್ಬಿಣದ ಕೊರತೆ ಚೆನ್ನಾಗಿಯೇ ಇಳಿಯಿತು. ಸಾದಾ ಅಕ್ಕಿ ಉಂಡ ಮಕ್ಕಳಲ್ಲೂ ಇಳಿಯಿತು, ಅಷ್ಟಿಲ್ಲ. ಎರಡೂ ಗುಂಪಿಗೆ ಜಂತುಹುಳದ ಔಷಧಿ ಕೊಟ್ಟಿದ್ದರು. 2012ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಬಿ-12 ಮಟ್ಟ ಸುಧಾರಿಸಿತು, ಕಬ್ಬಿಣದ ಸ್ಥಿತಿಯಲ್ಲಾಗಲಿ ರಕ್ತಹೀನತೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಜಗತ್ತಿನ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದ ಕಾಕ್ರೇನ್ ಸಮೀಕ್ಷೆ 2019ರಲ್ಲಿ ಬಂತು. ಕಬ್ಬಿಣ ಬೆರೆಸಿದ ಅಕ್ಕಿಯಿಂದ ರಕ್ತಹೀನತೆಯ ಅಪಾಯದಲ್ಲಿ ಹೆಚ್ಚಿನ ವ್ಯತ್ಯಾಸ ಆಗದೇ ಇರಬಹುದು ಎಂಬುದು ಅದರ ಒಟ್ಟು ಅಭಿಪ್ರಾಯ. ಅಂದರೆ ವಿಜ್ಞಾನ ‘ಹೌದು’ ಎಂದೂ ಹೇಳಿರಲಿಲ್ಲ, ‘ಇಲ್ಲ’ ಎಂದೂ ಹೇಳಿರಲಿಲ್ಲ. ‘ನೋಡಿಕೊಂಡು ಹೋಗಿ’ ಎಂದಿತ್ತು.

ನೋಡಿಕೊಂಡು ಹೋಗುವ ಏರ್ಪಾಡೂ ಕಾಗದದ ಮೇಲೆ ಇತ್ತು. 2019-20ರಿಂದ ಮೂರು ವರ್ಷ, 15 ರಾಜ್ಯಗಳ 15 ಜಿಲ್ಲೆಗಳಲ್ಲಿ ಪ್ರಾಯೋಗಿಕ ಯೋಜನೆ ಎಂದು ಕೇಂದ್ರ ಸರ್ಕಾರ ಮಂಜೂರು ಮಾಡಿತ್ತು. ಆ ಮೂರು ವರ್ಷ ಮುಗಿಯುವ ಮೊದಲೇ, 2021ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಘೋಷಣೆ ಬಂತು: 2024ರೊಳಗೆ ಬಡವರಿಗೆ ಕೊಡುವ ಎಲ್ಲ ಅಕ್ಕಿಯೂ ಸಾರವರ್ಧಿತವಾಗಲಿದೆ. 2022ರ ಏಪ್ರಿಲ್‌ನಲ್ಲಿ ಸಂಪುಟ ಒಪ್ಪಿತು. ಮೊದಲು ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟ, ಆಮೇಲೆ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳು ಸೇರಿ 291 ಜಿಲ್ಲೆಗಳ ರೇಷನ್, ಕೊನೆಗೆ ಉಳಿದೆಲ್ಲ ಜಿಲ್ಲೆ. 2024ರ ಅಕ್ಟೋಬರ್‌ನಲ್ಲಿ ಇದನ್ನು 2028ರ ಡಿಸೆಂಬರ್‌ವರೆಗೆ ಮುಂದುವರಿಸಲು 17,082 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು.

ಈ ಹಂತಗಳನ್ನು ಇನ್ನೊಮ್ಮೆ ನೋಡಿ. 291 ಜಿಲ್ಲೆಗಳಿಗೆ ಒಂದು ವರ್ಷ ಮೊದಲು, ಉಳಿದ ಜಿಲ್ಲೆಗಳಿಗೆ ಒಂದು ವರ್ಷ ತಡ. ಯಾವ ಸಂಶೋಧಕನೂ ಕೈಮುಗಿದು ಸ್ವೀಕರಿಸುವ ಅವಕಾಶ ಇದು. ಮೊದಲು ಪಡೆದ ಜಿಲ್ಲೆಯನ್ನೂ ಆಮೇಲೆ ಪಡೆದ ಪಕ್ಕದ ಜಿಲ್ಲೆಯನ್ನೂ ಆ ಒಂದು ವರ್ಷ ಹೋಲಿಸಿದ್ದರೆ, ಬೆಂಗಳೂರಿನ ಎರಡು ಪ್ರಯೋಗಗಳೂ ಕಾಕ್ರೇನ್ ಸಮೀಕ್ಷೆಯೂ ಕೊಡಲಾಗದ ಉತ್ತರವನ್ನು ಭಾರತವೇ ಜಗತ್ತಿಗೆ ಕೊಡಬಹುದಿತ್ತು. ಹಂತಗಳನ್ನು ಮಾಡಿದ್ದು ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳಿಗೆ ಮೊದಲು ತಲುಪಿಸಲು. ಉತ್ತರಕ್ಕಾಗಿ ಮಾಡಿದ್ದಾಗಿದ್ದರೆ ಅಕ್ಕಿಯ ಮೂಟೆ ಹೊರಡುವ ಮೊದಲು ರಕ್ತದ ಮಾದರಿ ಹೊರಡುತ್ತಿತ್ತು.

‘ರಕ್ತಹೀನತೆ ಅಷ್ಟೊಂದಿರುವಾಗ ಕಾಯುತ್ತಾ ಕೂರಲು ಸಾಧ್ಯವೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಷ್ಟಿದೆ ಎಂಬುದನ್ನೇ ಮೊದಲು ಕೇಳೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. ಈ ಸಮೀಕ್ಷೆಯಲ್ಲಿ ರಕ್ತ ತೆಗೆಯುವುದು ಬೆರಳ ತುದಿ ಚುಚ್ಚಿ. ನರದಿಂದ ರಕ್ತ ತೆಗೆದು ಪರೀಕ್ಷಿಸಿದ, 2016-18ರಲ್ಲಿ ಇಡೀ ದೇಶದಲ್ಲಿ ನಡೆದ ಮಕ್ಕಳ ಪೌಷ್ಟಿಕತೆಯ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ರಕ್ತಹೀನತೆ ಶೇ 41. ಅದಕ್ಕೂ ಸ್ವಲ್ಪ ಮುಂಚಿನ ನಾಲ್ಕನೇ ಕುಟುಂಬ ಸಮೀಕ್ಷೆಯಲ್ಲಿ ಐದರೊಳಗಿನವರಲ್ಲಿ ಅದು ಶೇ 58ರ ಮೇಲಿತ್ತು. ವಯಸ್ಸಿನ ಗುಂಪಿನಲ್ಲಿ ಸಣ್ಣ ವ್ಯತ್ಯಾಸ ಇದೆ, ಒಪ್ಪೋಣ. ಅಷ್ಟರಿಂದಲೇ ಇಷ್ಟು ಅಂತರ ಬರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನೂರಾ ಕುರ್ಪಾಡ್ ಮತ್ತು ಸಹೋದ್ಯೋಗಿಗಳು ಇನ್ನೂ ಬುಡದ ಪ್ರಶ್ನೆ ಎತ್ತಿದರು: ಆರೋಗ್ಯವಂತ ಭಾರತೀಯ ಮಗುವಿನ ಹಿಮೋಗ್ಲೋಬಿನ್ ಎಷ್ಟಿರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲಿನಲ್ಲಿ ಒಂದರಿಂದ 19 ವಯಸ್ಸಿನವರಲ್ಲಿ ಶೇ 30 ರಕ್ತಹೀನರು. ಇಲ್ಲಿನ ಆರೋಗ್ಯವಂತ ಮಕ್ಕಳಿಂದಲೇ ಅಳತೆಗೋಲು ತಯಾರಿಸಿದರೆ ಶೇ 10.8. 2021ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕ ಇದು.

ಕುರ್ಪಾಡ್ ಅವರದೇ ಕೊನೆಯ ಮಾತು ಎಂದು ನಾನು ಹೇಳುತ್ತಿಲ್ಲ. ವಾದ ನಡೆದೇ ಇದೆ. ಆದರೆ ಶೇ 30 ಮತ್ತು ಶೇ 10.8ರ ನಡುವೆ ಒಂದು ಇಡೀ ನೀತಿಯೇ ಬದಲಾಗುವಷ್ಟು ಜಾಗವಿದೆ. ಮೂವರಲ್ಲಿ ಒಬ್ಬರಿಗೆ ರೋಗವಿದ್ದರೆ ಎಲ್ಲರ ತಟ್ಟೆಗೂ ಔಷಧಿ ಬೆರೆಸುವುದು ಸರಿ ಎನಿಸಬಹುದು. ಹತ್ತರಲ್ಲಿ ಒಬ್ಬರಿಗಾದರೆ ಆ ಒಬ್ಬರನ್ನು ಹುಡುಕಿ ಚಿಕಿತ್ಸೆ ಕೊಡುವುದೇ ಮೇಲು. ಅದರ ಜೊತೆಗೆ ದೇವಿಕೊಪ್ಪದ ಶಾಲೆಯ ಹುಡುಗಿಗೆ ವಾರಕ್ಕೊಂದು ಕಬ್ಬಿಣದ ಮಾತ್ರೆ ಆಗಲೇ ಇದೆ, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ ಇದೆ. ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ತಿರುಗುವವರಿಗೆ ಕೊಕ್ಕೆಹುಳ ಅಂಟಿ, ಕರುಳಿನಲ್ಲೇ ರಕ್ತ ಹೀರುತ್ತದೆ. ಆ ಹುಳವನ್ನು ಬಿಟ್ಟು ಅಕ್ಕಿಗೆ ಎಷ್ಟು ಕಬ್ಬಿಣ ಸುರಿದರೂ ಸೋರುವುದು ಸೋರುತ್ತಲೇ ಇರುತ್ತದೆ. ಬಿ-12 ಕೊರತೆಯಿಂದಲೂ, ದೀರ್ಘಕಾಲದ ಸೋಂಕಿನಿಂದಲೂ ರಕ್ತ ಕುಂದುತ್ತದೆ. ಯಾವ ಊರಿನಲ್ಲಿ ಯಾವ ಕಾರಣ ಎಂದು ಕೇಳದೆ ಇಡೀ ದೇಶಕ್ಕೆ ಒಂದೇ ಕಾಳನ್ನು ಕಳಿಸಿದ್ದನ್ನು ವೈಜ್ಞಾನಿಕ ಎಂದು ಕರೆಯಲು ನನಗೆ ಸಂಕೋಚ.

ಉತ್ತರ ಕರ್ನಾಟಕದವರಿಗೆ ಇನ್ನೊಂದು ಲೆಕ್ಕ ಹೇಳದೆ ಇರಲಾಗದು. ನಿಯಮದ ಪ್ರಕಾರ ಒಂದು ಕಿಲೊ ಸಾರವರ್ಧಿತ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು. ಅಂದರೆ ನೂರು ಗ್ರಾಮಿಗೆ ಸುಮಾರು ಮೂರರಿಂದ ನಾಲ್ಕು ಮಿಲಿಗ್ರಾಂ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ತೆಗೆದು ನೋಡಿ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನೂರು ಗ್ರಾಮಿಗೆ 0.65 ಮಿಲಿಗ್ರಾಂ, ರಾಗಿಯಲ್ಲಿ 4.62, ಸಜ್ಜೆಯಲ್ಲಿ 6.42, ಜೋಳದಲ್ಲಿ 3.95. ಕಾರ್ಖಾನೆ, ಪೋಷಕಾಂಶಗಳ ಮಿಶ್ರಣ, ಸಾಗಣೆ, ಬೆರೆಸುವ ಯಂತ್ರ ಇಷ್ಟೆಲ್ಲ ದಾಟಿ ಅಕ್ಕಿ ಬಂದು ನಿಂತಿರುವುದು ನವಲಗುಂದದ ಹೊಲದಲ್ಲಿ ಬೆಳೆಯುವ ಜೋಳ ಮೊದಲೇ ನಿಂತಿದ್ದ ಜಾಗದಲ್ಲಿ. ಜೋಳದ ಕಬ್ಬಿಣವನ್ನು ಕಾಳಿನಲ್ಲೇ ಇರುವ ಫೈಟೇಟ್ ಎಂಬ ಅಂಶ ಹಿಡಿದಿಟ್ಟುಕೊಳ್ಳುವುದರಿಂದ ಅದೆಲ್ಲವೂ ಮೈಗೆ ಹತ್ತುವುದಿಲ್ಲ ಎಂಬ ಆಕ್ಷೇಪಣೆ ಸರಿ. ಸಾರವರ್ಧಿತ ಕಾಳಿನಲ್ಲಿ ಬಳಸುವ ಕಬ್ಬಿಣದ ಲವಣವೂ ಸಲೀಸಾಗಿ ಹತ್ತುವಂಥದ್ದಲ್ಲ. ಹುಳಿ ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ರೊಟ್ಟಿಯ ಮಗ್ಗುಲಲ್ಲಿ ಪುಂಡಿಪಲ್ಯ, ಹಸಿ ಸೊಪ್ಪು, ಮೊಳಕೆ ಬಂದ ಮಡಕಿಕಾಳು ಇರಿಸಿಕೊಂಡ ಅಡುಗೆಮನೆಗೆ ಇದನ್ನು ಯಾರೂ ಪಾಠ ಹೇಳಬೇಕಾಗಿಲ್ಲ.

ಹಾಗಿದ್ದ ತಟ್ಟೆಗೆ ಅಕ್ಕಿ ತುಂಬಿದ್ದು ಯಾರು? ಪಡಿತರ. 2013ರಲ್ಲಿ ಅನ್ನಭಾಗ್ಯ ಬಂದಾಗ ಹಸಿವು ಇಂಗಿತು, ಅದನ್ನು ಕಡೆಗಣಿಸುವವನಿಗೆ ಹಸಿವು ಗೊತ್ತಿಲ್ಲ. ಜೊತೆಗೆ ಜೋಳ, ರಾಗಿ ಕೊಡುವ ಪ್ರಯತ್ನಗಳೂ ಆದವು, ಅಕ್ಕಿಯಂತೆ ನೆಲೆ ನಿಲ್ಲಲಿಲ್ಲ. ಜೋಳ ಉಣ್ಣುತ್ತಿದ್ದವರಿಗೆ ಬಿಳಿ ಅಕ್ಕಿ ಕೊಟ್ಟು, ಬಿಳಿ ಅಕ್ಕಿಯಲ್ಲಿ ಕಬ್ಬಿಣ ಸಾಲದೆಂದು ಕಂಡು, ಅದಕ್ಕೆ ಕಬ್ಬಿಣ ಬೆರೆಸಿ ಮತ್ತೆ ಅವರಿಗೇ ಕೊಡುವುದಕ್ಕೆ ‘ವಿಜ್ಞಾನಾಧಾರಿತ ನೀತಿ’ ಎಂಬ ಹೆಸರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜೋಳದ ಮೇಲೆ, ಕಿರುಧಾನ್ಯಗಳ ಮೇಲೆ ದಶಕಗಳಿಂದ ಸಂಶೋಧನೆ ನಡೆದಿದೆ. ಅದೂ ವಿಜ್ಞಾನವೇ. ಯಾವ ವಿಜ್ಞಾನ ನೀತಿಯ ಮೇಜಿಗೆ ಬರುತ್ತದೆ, ಯಾವುದು ಕೃಷಿಮೇಳದ ಮಳಿಗೆಯಲ್ಲೇ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಪ್ರಯೋಗಾಲಯವಲ್ಲ.

ಅಪಾಯದ ಮಾತಿಗೂ ಬರೋಣ. ಕಬ್ಬಿಣ ಬೆರೆಸಿದ ಆಹಾರದ ಪೊಟ್ಟಣದ ಮೇಲೆ ತಲಸ್ಸೇಮಿಯಾ ಇರುವವರು ವೈದ್ಯರನ್ನು ಕೇಳಿ ತಿನ್ನಬೇಕು, ಸಿಕಲ್ ಸೆಲ್ ರಕ್ತಹೀನತೆ ಇರುವವರು ತಿನ್ನಬಾರದು ಎಂಬ ಎಚ್ಚರಿಕೆ ಕಡ್ಡಾಯ ಎಂದು ನಿಯಮವೇ ಹೇಳಿತ್ತು. ಎಚ್ಚರಿಕೆ ಇದ್ದದ್ದು ಮೂಟೆಯ ಮೇಲೆ. ನ್ಯಾಯಬೆಲೆ ಅಂಗಡಿಯಲ್ಲಿ ಮೂಟೆ ಬಿಚ್ಚಿ ತೂಗಿ ಕೊಡುತ್ತಾರೆ. ಅಕ್ಕಿ ಮನೆಗೆ ಬರುವುದು ನಮ್ಮದೇ ಚೀಲದಲ್ಲಿ. ಓದುವವರಿಗೆ ಸಿಗದ ಎಚ್ಚರಿಕೆಯಿಂದ ಯಾರಿಗೆ ರಕ್ಷಣೆ? ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಜ್ಞರ ಸಮಿತಿ ಪರಿಶೀಲಿಸಿ ಅಪಾಯವಿಲ್ಲ ಎಂದಿತು, 2024ರಲ್ಲಿ ಎಚ್ಚರಿಕೆಯ ನಿಯಮವನ್ನೇ ತೆಗೆದುಹಾಕಿದರು. ಸಮಿತಿಯ ಮಾತು ಸರಿಯೇ ಇರಬಹುದು. ಅದಕ್ಕೂ ಒಂದು ವರ್ಷ ಹಿಂದೆ, 2023ರ ಜುಲೈನಲ್ಲಿ, ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ ಬುಡಕಟ್ಟು ಸಮುದಾಯಗಳ ಸಿಕಲ್ ಸೆಲ್ ತಪಾಸಣೆಗೆ ರಾಷ್ಟ್ರೀಯ ಅಭಿಯಾನ ಆರಂಭವಾಗಿತ್ತು. ಯಲ್ಲಾಪುರ, ಹಳಿಯಾಳ, ಕಲಘಟಗಿಯ ಕಾಡಂಚಿನಲ್ಲಿ ಸಿದ್ದಿ ಬುಡಕಟ್ಟಿನವರ ಕೇರಿಗಳಿವೆ. ಒಂದು ಇಲಾಖೆ ಯಾರಿಗೆ ಆ ರೋಗವಿದೆ ಎಂದು ಹುಡುಕಲು ಹೊರಟಿತ್ತು. ಇನ್ನೊಂದು ಅದು ತಿಳಿಯುವ ಮೊದಲೇ ಚೀಲಗಳಿಗೆ ಸಾರವರ್ಧಿತ ಅಕ್ಕಿ ತುಂಬತೊಡಗಿತ್ತು. ಕ್ರಮ ತಲೆಕೆಳಗಾಗಿದ್ದು ಇಲ್ಲಿ.

ಆಹಾರಕ್ಕೆ ಪೋಷಕಾಂಶ ಬೆರೆಸುವುದೇ ತಪ್ಪು ಎಂದು ಇದರಿಂದ ತೀರ್ಮಾನಿಸುವವರ ಜೊತೆಗೂ ನಾನಿಲ್ಲ. ನಾವು ದಿನವೂ ತಿನ್ನುವ ಅಯೋಡಿನ್ ಉಪ್ಪು ಇದಕ್ಕೆ ಸಾಕ್ಷಿ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಗಳಗಂಡದ ಮೇಲೆ ಕೆಲಸ ಆರಂಭಿಸಿದರು. ಕಣಿವೆಯನ್ನು ಮೂರು ವಲಯ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ನಡುವಿನದಕ್ಕೆ ಸಾದಾ ಉಪ್ಪು ಕೊಟ್ಟರು. ಕೊಡುವ ಮೊದಲು ಕುತ್ತಿಗೆಗಳನ್ನು ಮುಟ್ಟಿ ಎಣಿಸಿದ್ದರು. ಕೊಟ್ಟು ಐದಾರು ವರ್ಷದ ಮೇಲೆ ಮತ್ತೆ ಎಣಿಸಿದರು. ಎರಡು ವಲಯಗಳಲ್ಲಿ ಗಳಗಂಡ ಇಳಿದಿತ್ತು, ಸಾದಾ ಉಪ್ಪಿನ ವಲಯದಲ್ಲಿ ಇಳಿದಿರಲಿಲ್ಲ. ಆಮೇಲೆ ಆ ವಲಯಕ್ಕೂ ಅಯೋಡಿನ್ ಉಪ್ಪು ಹೋಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಲ್ಲಿ ಯಾರೂ ಕೈಕಟ್ಟಿ ಕಾಯಲಿಲ್ಲ. ಉಪ್ಪು ಕೊಡುವ ಕೆಲಸ, ಎಣಿಸುವ ಕೆಲಸ ಎರಡೂ ಜೊತೆಯಲ್ಲೇ ನಡೆದವು. ಕಾಯಲು ಸಮಯವಿಲ್ಲ ಎನ್ನುವವರಿಗೆ ಬಡ ದೇಶವೊಂದು ಆಗಲೇ ಕೊಟ್ಟ ಉತ್ತರ ಇದು.

ಅಷ್ಟು ದೂರ ಹೋಗಬೇಕೆಂದೂ ಇಲ್ಲ. 1898ರಲ್ಲಿ ಪ್ಲೇಗ್ ಹುಬ್ಬಳ್ಳಿಗೆ ಬಂತು. ವಿಜ್ಞಾನಿ ಹಾಫ್‌ಕಿನ್ ಮುಂಬಯಿಯಲ್ಲಿ ಹಿಂದಿನ ವರ್ಷವಷ್ಟೇ ತಯಾರಿಸಿ ತನ್ನ ಮೈಗೇ ಚುಚ್ಚಿಕೊಂಡು ನೋಡಿದ್ದ ಲಸಿಕೆಯನ್ನು ಡಾ. ಲ್ಯೂಮನ್ ಎಂಬ ವೈದ್ಯರ ಉಸ್ತುವಾರಿಯಲ್ಲಿ ಹುಬ್ಬಳ್ಳಿಯ 30 ಸಾವಿರಕ್ಕೂ ಹೆಚ್ಚು ಜನಕ್ಕೆ ಕೊಟ್ಟರು. ಪ್ಲೇಗ್ ಲಸಿಕೆಯ ಮೊದಮೊದಲ ದೊಡ್ಡ ಕಾರ್ಯಗಳಲ್ಲಿ ಅದೊಂದು. ಅಂಕಿಅಂಶಗಳು ಲಸಿಕೆಯ ಪರವಾಗಿ ಅದ್ಭುತವಾಗಿ ಕಂಡವು. ಫ್ರೇಸರ್ ಅಧ್ಯಕ್ಷತೆಯ ಪ್ಲೇಗ್ ಆಯೋಗ ಅವನ್ನು ಹಾಗೇ ನುಂಗಲಿಲ್ಲ. ಚುಚ್ಚಿಸಿಕೊಳ್ಳದವರ ಲೆಕ್ಕವನ್ನು ಎಷ್ಟು ನಂಬಬಹುದು ಎಂದು ಕೆದಕಿತು. ಕೊನೆಗೆ ಲಸಿಕೆಯಿಂದ ಪ್ರಯೋಜನವಿದೆ, ರಕ್ಷಣೆ ಪೂರ್ಣವಲ್ಲ ಎಂಬ ಅಳೆದ ಮಾತಿಗೆ ಬಂತು. ಆ ಆಳ್ವಿಕೆ ಪ್ಲೇಗಿನ ಹೆಸರಲ್ಲಿ ಮನೆಗಳಿಗೆ ನುಗ್ಗಿದ, ಜನರನ್ನು ಎಳೆದೊಯ್ದ ಆಳ್ವಿಕೆಯೇ. ಅದರ ಬಗ್ಗೆ ನನಗೆ ಮಮಕಾರವಿಲ್ಲ. ಆ ಕಾಲದಿಂದ ನಾವು ಉಳಿಸಿಕೊಂಡದ್ದು ಯಾವುದು ಎಂಬುದಷ್ಟೇ ನನ್ನ ಪ್ರಶ್ನೆ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಉಳಿಸಿಕೊಂಡೆವು, 2020ರ ಕೊರೊನಾ ಕಾಲಕ್ಕೂ ಅದು ಕೆಲಸಕ್ಕೆ ಬಂತು. ಸರ್ಕಾರದ್ದೇ ಅಂಕಿಗಳನ್ನು ಸಾರ್ವಜನಿಕವಾಗಿ ಪ್ರಶ್ನಿಸುವ ಅಭ್ಯಾಸವನ್ನು ಅಷ್ಟು ಜೋಪಾನ ಮಾಡಲಿಲ್ಲ.

ಹಾಗಾಗಿ ‘ಜನ ವಿಜ್ಞಾನವನ್ನು ನಂಬುವುದಿಲ್ಲ’ ಎಂಬ ದೂರನ್ನು ಮೊದಲು ತಿರುಗಿಸಬೇಕು. ವಿಜ್ಞಾನವನ್ನು ಘೋಷಣೆಗೆ ಕರೆದು, ತಪಾಸಣೆಯ ಹೊತ್ತಿಗೆ ಕಳಿಸಿಬಿಡುವ ಆಡಳಿತ ಅದನ್ನು ನಂಬಿದೆ ಎಂದು ಹೇಗೆ ಹೇಳುವುದು? ತಾನು ಸೋಲಬಹುದಾದ ಪರೀಕ್ಷೆಗೆ ತನ್ನನ್ನು ಒಡ್ಡಿಕೊಳ್ಳುವ ನೀತಿ ಮಾತ್ರ ವೈಜ್ಞಾನಿಕ. ತಜ್ಞರ ಹೆಸರು, ಪ್ರಯೋಗಾಲಯದ ಮುದ್ರೆ, ಜಾಗೃತಿ ಜಾಥಾ ಇವೆಲ್ಲ ಆ ಪರೀಕ್ಷೆಗೆ ಬದಲಿಯಾಗಲಾರವು. ರಕ್ತಹೀನತೆಯನ್ನು ಕುಟುಂಬ ಸಮೀಕ್ಷೆಯ ಆರನೇ ಸುತ್ತಿನಿಂದ ಕೈಬಿಟ್ಟು, ನರದಿಂದ ರಕ್ತ ತೆಗೆದು ಅಳೆಯುವ ಬೇರೆ ಸಮೀಕ್ಷೆಗೆ ವಹಿಸಲು ಕೇಂದ್ರ ತೀರ್ಮಾನಿಸಿತು. ಅಳತೆ ಸರಿಯಾಗುವುದು ಒಳ್ಳೆಯದೇ. ಆದರೆ ಹೊಸ ಅಳತೆ ಬಂದಾಗ ಹಳೆಯದರ ಜೊತೆ ಹೋಲಿಸಲಾಗದು. ಅಕ್ಕಿಯಿಂದ ರಕ್ತ ಏರಿತೋ ಇಳಿಯಿತೋ ಎಂದು ಕೇಳಿದರೆ ‘ಅಳತೆ ಬದಲಾಗಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮಾಡಬಹುದಾದದ್ದು ದೊಡ್ಡದೇನಲ್ಲ. ಕಲಘಟಗಿ ತಾಲ್ಲೂಕಿನ ಕೆಲವೇ ಊರುಗಳನ್ನು ಆರಿಸಿ, ವರ್ಷಕ್ಕೊಮ್ಮೆ ಅಲ್ಲಿನ ಮಕ್ಕಳ ಮತ್ತು ಹೆಂಗಸರ ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು, ಬಿ-12, ಜಂತುಹುಳ ನಾಲ್ಕನ್ನೂ ಪರೀಕ್ಷಿಸಲಿ. ಫಲಿತಾಂಶವನ್ನು ಹೆಸರಿಲ್ಲದೆ, ಊರಿನ ಲೆಕ್ಕದಲ್ಲಿ, ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಇಡಲಿ. ಹೊಸ ವಸ್ತುವೊಂದನ್ನು ಪಡಿತರದಲ್ಲಿ ಕೊಡುವ ಮೊದಲು ಅದನ್ನು ಅಂಗಡಿಯ ಕಟ್ಟೆಯ ಮೇಲೆ ಒಂದು ತಟ್ಟೆಯಲ್ಲಿ ಬೇರೆಯಾಗಿ ಇಟ್ಟು ತೋರಿಸಲಿ: ಇದು ಇಂಥದ್ದು, ಇದರಲ್ಲಿ ಇಂಥದ್ದಿದೆ, ಬೇಡವಾದವರು ಸಾದಾ ಅಕ್ಕಿ ಒಯ್ಯಬಹುದು, ಜೋಳ ಬೇಕಾದವರು ಜೋಳ ಒಯ್ಯಬಹುದು. ಆಯ್ಕೆ ಕೊಟ್ಟರೆ ಜನ ಬೇಡ ಎಂದುಬಿಟ್ಟಾರು ಎಂಬ ಭಯ ಆಡಳಿತಕ್ಕಿದ್ದರೆ, ಆ ಭಯವೇ ನೀತಿಯ ದೌರ್ಬಲ್ಯದ ಲಕ್ಷಣ.

ಅಲ್ಲಿಯವರೆಗೆ, ಮೊರದಿಂದ ಆ ಕಾಳನ್ನು ತೆಗೆದೆಸೆಯುವವಳನ್ನು ಮೂಢಳೆಂದು ಕರೆಯುವ ಅಧಿಕಾರ ಓದಿದ ನಮಗಿಲ್ಲ. ಕಂಡದ್ದನ್ನು ಬೇರೆ ಮಾಡಿ ‘ಇದೇನು?’ ಎಂದು ಕೇಳುವಷ್ಟನ್ನು ಆಕೆ ಮಾಡಿದ್ದಾಳೆ. ‘ಇದರಿಂದ ಏನಾಯಿತು?’ ಎಂದು ಕೇಳುವ ಪಾಳಿ ನಮ್ಮದಾಗಿತ್ತು. ನಾವು ಕೇಳಿಲ್ಲ.